ಮೊದಲ ಸಲ ಸತ್ತಾಗ ಅವರು ನಗುತ್ತಿದ್ದರು

ನಮ್ಮ ಹಳೆಯ ಬಾಸ್ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವರು ಮೇಡಂ ಲಿಮ್, ಸಿಂಗಪುರದಲ್ಲಿ ಅವರ ಸೆಕ್ರೆಟರಿಯಾಗಿದ್ದ ಚೀನೀ ಹೆಂಗಸು. ಫೋನಿನಲ್ಲಿ ವಿಷಯ ಹೇಳಿದರು. ಆಮೇಲೆ ಆಕೆ ಮೆಲ್ಲಗೆ, "ದಿಸ್ ಟೈಮ್ ರಿಯಲಿ, ಆಹ್?" ಎಂದರು. ಅಷ್ಟೇ! ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸಾವಿನ ಸುದ್ದಿ ಕೇಳಿ ಹೀಗೆ ನಗುತ್ತಾರಾ ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಯಾರೆಂದು ಹೇಳಿದ ಮೇಲೆ ಅವಳೂ ನಕ್ಕಳು, ಆಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು.

ಏನು ಮಾಡುವುದು ಹೇಳಿ, ನಮ್ಮ ಬಾಸ್ ಸತ್ತದ್ದು ಇದು ಎರಡನೆಯ ಸಲ! ಮೊದಲನೆಯ ಸಲ ಸತ್ತದ್ದು ತೊಂಬತ್ತರ ದಶಕದ ನಡುವೆ, ಟ್ಯಾಂಪಿನೀಸ್‌ನ ನಮ್ಮ ವಿಮಾ ಕಂಪನಿಯ ಕಾನ್ಫರೆನ್ಸ್ ರೂಮಿನಲ್ಲಿ, ಕಂಪ್ಯೂಟರ್ ಪರದೆಯ ಮೇಲೆ, ಎಲ್ಲರ ಕಣ್ಣೆದುರಿಗೆ. ಆ ಸಾವನ್ನು ಟೈಪ್ ಮಾಡಿದವನು ನಾನೇ. ಅವರು ನನ್ನ ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು, ನಗುತ್ತಾ "ಹಾಕು ಮಾರಾಯಾ, ಹಾಕು" ಅನ್ನುತ್ತಿದ್ದರು. ಈಗ ನೆನೆಸಿಕೊಂಡರೂ ಮೈ ಜುಮ್ಮೆನ್ನುತ್ತದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತೆ. ಆದರೆ ಆ ಮನುಷ್ಯ ಎಂಥವರೆಂದು ಮೊದಲು ಹೇಳದಿದ್ದರೆ ನಿಮಗೆ ಅದರ ಮಜಾ ಸಿಗುವುದಿಲ್ಲ.

ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿ ಅವರಷ್ಟು ಅಯೋಗ್ಯರು ಇಡೀ ಸಿಂಗಪುರದಲ್ಲಿ ಇರಲಿಲ್ಲ. ಉಡುಪಿ ಕಡೆಯ ತುಳುವರು, ಐವತ್ತು ದಾಟಿದವರು, ಮೊದಲು ಆಫೀಸಿನ ಕುರ್ಚಿ ಮೇಜು, ಲಿಫ್ಟು, ಏಸಿ ನೋಡಿಕೊಳ್ಳುತ್ತಿದ್ದವರು. ಅವರನ್ನು ಕಂಪ್ಯೂಟರ್ ಜನರ ತಲೆಯ ಮೇಲೆ ತಂದು ಕೂರಿಸಿದ್ದು ಯಾರು? ಜಗಳ! ನಮ್ಮ ಕಂಪನಿಯಲ್ಲಿ ಎರಡು ಪಾಳೆಯಗಳಿದ್ದವು. ಒಂದು ಲಂಡನ್ ಹೆಡ್ ಆಫೀಸಿನ ಕಡೆಯದು, ಇನ್ನೊಂದು ಹಾಂಗ್‌ಕಾಂಗ್ ಕಡೆಯದು. ಇವರ ಮನುಷ್ಯ ಬೇಡವೆಂದು ಅವರು, ಅವರ ಮನುಷ್ಯ ಬೇಡವೆಂದು ಇವರು. ಕೊನೆಗೆ ಯಾರಿಗೂ ಅಪಾಯವಿಲ್ಲದ, ಏನೂ ಗೊತ್ತಿಲ್ಲದ ಒಬ್ಬರನ್ನು ಹುಡುಕಿದರು. ಏನೂ ಗೊತ್ತಿಲ್ಲದಿದ್ದರೆ ನಾವು ಹೇಳಿದ ಹಾಗೆ ಕೇಳುತ್ತಾರೆ ಎಂದು ಎರಡೂ ಕಡೆಯವರ ಲೆಕ್ಕ.

ಅವರು ಅಧಿಕಾರ ವಹಿಸಿಕೊಂಡ ವಾರವೇ ಎರಡು ಪಾಳೆಯದವರೂ ಬೇರೆ ಬೇರೆ ದಿನ ಅವರನ್ನು ಊಟಕ್ಕೆ ಕರೆದುಕೊಂಡು ಹೋದರು. ತಮ್ಮ ಕಡೆ ಎಳೆದುಕೊಳ್ಳುವ ಊಟ ಅದು. ಹಿಂದಿರುಗಿದ ಮೇಲೆ ಎರಡು ಕಡೆಯವರೂ "ಹಿ ಈಸ್ ವಿತ್ ಅಸ್" ಎಂದು ಬೀಗುತ್ತಿದ್ದರು. ನನಗೆ ಆಶ್ಚರ್ಯ. ಕೇಳಿಯೇ ಬಿಟ್ಟೆ.

"ಸಾರ್, ಇಬ್ಬರಿಗೂ ಹೂಂ ಅಂದ್ರಾ?"

"ಇಲ್ಲ ಮಾರಾಯಾ, ನಾನು ಎಂತದೂ ಹೇಳ್ಲಿಲ್ಲ. ಅವರು ಸ್ಟ್ರಾಟೆಜಿ ಅಂದ್ರು, ನಾನು ಮೀನಿನ ವಿಷಯ ಹೇಳಿದೆ. ಇಲ್ಲಿಯ ಮೀನು ತಾಜಾ ಅಂತ ಇವರು ತಿಳ್ಕೊಂಡಿದ್ದಾರೆ, ಪಾಪ. ಮಲ್ಪೆಯಲ್ಲಿ ದೋಣಿಯಿಂದ ಇಳಿಸಿದ ಬಂಗುಡೆ ಹೇಗಿರ್ತದೆ ಅಂತ ವಿವರವಾಗಿ ಹೇಳಿದೆ. ಇಬ್ರಿಗೂ ಅದನ್ನೇ ಹೇಳಿದ್ದು."

ಅಬ್ಬಾ! ಆಮೇಲಿನ ಒಂದು ವರ್ಷ ಯಾರಾದರೂ ಅವರನ್ನು ಪಕ್ಷಕ್ಕೆ ಎಳೆಯಲು ಹೋದರೆ ಬಂಗುಡೆ, ಅಂಜಲ್, ಕಾಣೆಯ ವಿಷಯ ಕೇಳಿಕೊಂಡು ಬರುತ್ತಿದ್ದರು. ಅಪ್ಪಟ ಸಸ್ಯಾಹಾರಿಯಾದ ನನಗೂ ಯಾವ ಮೀನಿಗೆ ಎಷ್ಟು ಹುಳಿ ಬೇಕೆಂದು ಬಾಯಿಪಾಠವಾಗಿತ್ತು.

ಇ-ಮೇಲ್ ಆಗಿನ್ನೂ ಹೊಸದು. ನಮ್ಮ ಆಫೀಸಿನ ರಾಜಕೀಯವೆಲ್ಲ ರಾತ್ರೋರಾತ್ರಿ ಅದರೊಳಗೆ ಹೋಗಿ ಸೇರಿಕೊಂಡಿತ್ತು. ಎದುರಿಗೆ ಸಿಕ್ಕರೆ ಹಲ್ಲು ಕಿರಿಯುವವರು ಮೇಲ್‌ನಲ್ಲಿ ಹಲ್ಲು ಮಸೆಯುತ್ತಿದ್ದರು, ಅದರ ಪ್ರತಿಯನ್ನು ಹತ್ತು ಜನ ದೊಡ್ಡವರಿಗೆ ಬೇರೆ ಕಳಿಸುತ್ತಿದ್ದರು. ನಮ್ಮ ಬಾಸ್‌ಗೆ ಮೇಲ್ ತೆರೆಯುವುದೇ ಬರುತ್ತಿರಲಿಲ್ಲ. ಮೇಡಂ ಲಿಮ್ ಪ್ರಿಂಟ್ ತೆಗೆದು ಕೊಡುತ್ತಿದ್ದರು. ಇವರು ಓದಿ, ಕನ್ನಡಕ ಹಣೆಗೇರಿಸಿ, ಎದ್ದು ಹೋಗಿ ಕಳಿಸಿದವನ ಮೇಜಿನ ಮುಂದೆಯೇ ಕುರ್ಚಿ ಎಳೆದು ಕೂರುತ್ತಿದ್ದರು. "ನಿಮ್ಮ ಮೇಲ್ ಬಂತು. ಬಹಳ ಕೋಪದಲ್ಲಿ ಬರೆದಿದ್ದೀರಿ. ನನಗೆ ಅರ್ಥ ಆಗ್ಲಿಲ್ಲ, ಸ್ವಲ್ಪ ಬಾಯಲ್ಲಿ ಹೇಳ್ತೀರಾ?" ಎಂದು ತಮ್ಮ ಉಡುಪಿ ಇಂಗ್ಲಿಷಿನಲ್ಲಿ, ನಿಜವಾಗಿಯೂ ಅರ್ಥವಾಗದ ಮುಖ ಮಾಡಿಕೊಂಡು ಕೇಳುತ್ತಿದ್ದರು. ಬರೆದವನು ಬೆವರುತ್ತಿದ್ದ. ಬರೆಯುವಾಗ ಇದ್ದ ಶೌರ್ಯ ಬಾಯಲ್ಲಿ ಹೇಳುವಾಗ ಎಲ್ಲಿಂದ ಬರಬೇಕು? ಆಮೇಲೆ ಪ್ರತಿ ಹೋದ ಹತ್ತು ಜನರ ಹತ್ತಿರವೂ ಹೋಗಿ, "ಇದು ನಿಮಗೂ ಬಂದಿದೆಯಂತೆ, ನಿಮಗೆ ಅರ್ಥ ಆಯ್ತಾ?" ಎಂದು ಕೇಳಿ ಬರುತ್ತಿದ್ದರು. ಆರು ತಿಂಗಳಲ್ಲಿ ನಮ್ಮ ವಿಭಾಗಕ್ಕೆ ಸಿಟ್ಟಿನ ಮೇಲ್ ಬರುವುದೇ ನಿಂತುಹೋಯಿತು!

ನಾನು ಆಗ ಮೈಸೂರಿನಿಂದ ಹೋಗಿ ಒಂದೂವರೆ ವರ್ಷವಾಗಿತ್ತು. ಕ್ಲೆಮೆಂಟಿಯಲ್ಲಿ ಒಂದು ಚೀನೀ ಕುಟುಂಬದ ಫ್ಲ್ಯಾಟಿನಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆ. ಈ ತುದಿಯ ಕ್ಲೆಮೆಂಟಿಯಿಂದ ಆ ತುದಿಯ ಟ್ಯಾಂಪಿನೀಸ್‌ಗೆ ಎಂಆರ್‌ಟಿ ರೈಲಿನಲ್ಲಿ ದಿನವೂ ನಿದ್ದೆ ಮಾಡಿಕೊಂಡು ಹೋಗುತ್ತಿದ್ದೆ. ಹೆಂಡತಿ ಆಗತಾನೇ ಊರಿನಿಂದ ಬಂದಿದ್ದಳು, ಬಸುರಿ. ನನ್ನ ವರ್ಕ್ ಪಾಸ್ ನವೀಕರಣಕ್ಕೆ ಬಂದಿತ್ತು. ಕಂಪನಿ ಬೇಡವೆಂದರೆ ಇಬ್ಬರೂ ಪೆಟ್ಟಿಗೆ ಕಟ್ಟಬೇಕು.

ಅಂಥ ಹೊತ್ತಿನಲ್ಲೇ ನನ್ನ ಕಣ್ಣಿಗೆ ಅದು ಬೀಳಬೇಕೇ!

ಕಂಪನಿ ಹೊಸದೊಂದು ಸಿಸ್ಟಮ್ ತರುತ್ತಿತ್ತು. ಪಾಲಿಸಿ ಮಾಡಿಸಿದವರು ತೀರಿಕೊಂಡರೆ ಮನೆಯವರ ಕ್ಲೇಮನ್ನು ಕಂಪ್ಯೂಟರೇ ಪರಿಶೀಲಿಸಿ ಚೆಕ್ ಮುದ್ರಿಸುತ್ತದೆ, ವಾರಗಟ್ಟಲೆ ಕಾಯಬೇಕಿಲ್ಲ. ಲಂಡನ್‌ನಲ್ಲಿ ಬರೆದು ನಮಗೆ ಕಳಿಸಿದ್ದರು, ಅದನ್ನು ಇಲ್ಲಿ ಕೂರಿಸುವುದು ನಮ್ಮ ಕೆಲಸ. ಪ್ರಾಜೆಕ್ಟ್ ಡೈರೆಕ್ಟರ್ ಒಬ್ಬ ಬಂದಿದ್ದ, ಲಂಡನ್ ಪಾಳೆಯದ ಮುದ್ದಿನ ಮಗ. ದಿನಕ್ಕೊಂದು ಟೈ. ಏನೇ ಕೊರತೆ ತೋರಿಸಿದರೂ "ಫೇಸ್ ಟೂನಲ್ಲಿ ನೋಡೋಣ" ಎನ್ನುತ್ತಿದ್ದ, ಅಂದರೆ ಎರಡನೆಯ ಹಂತದಲ್ಲಿ. ಫೇಸ್ ಟೂ ಅನ್ನುವುದು ನಮಗೆಲ್ಲ ಸ್ವರ್ಗದ ಹಾಗೆ ಆಗಿತ್ತು. ಒಳ್ಳೆಯದೆಲ್ಲ ಅಲ್ಲೇ ಇದೆಯಂತೆ, ಕಂಡವರು ಯಾರೂ ಇಲ್ಲ. ನಾವು ಕೆಂಪು, ಅಂದರೆ ಅಪಾಯ, ಎಂದು ಬರೆದು ಕಳಿಸಿದ ವರದಿ ಅವನ ಮೇಜು ದಾಟುವಷ್ಟರಲ್ಲಿ ಹಳದಿಯಾಗಿ, ಏಷ್ಯಾ ವಿಭಾಗದ ದೊಡ್ಡ ಸಾಹೇಬರ ಮೇಜಿಗೆ ಹೋಗುವಷ್ಟರಲ್ಲಿ ಹಚ್ಚ ಹಸಿರಾಗಿರುತ್ತಿತ್ತು.

ಪರೀಕ್ಷೆ ಮಾಡಲು ಲಂಡನ್‌ನವರೇ ಕೊಟ್ಟ ಮಾಹಿತಿಯಿತ್ತು. ಜಾನ್ ಸ್ಮಿತ್ ಸಾಯುತ್ತಿದ್ದ, ಮೇರಿ ಸ್ಮಿತ್‌ಗೆ ಚೆಕ್ ಬರುತ್ತಿತ್ತು. ಪಾಪ, ಜಾನ್ ಸ್ಮಿತ್ ಎಷ್ಟು ಸಲ ಸತ್ತನೋ! ಪ್ರತಿ ಸಲವೂ ಮೇರಿಗೆ ದುಡ್ಡು ಬಂತು, ಪ್ರತಿ ಸಲವೂ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಮಧ್ಯಾಹ್ನ ಸುಮ್ಮನೆ ತಮಾಷೆಗೆ ನಾನು ನಮ್ಮ ಮನೆ ಮಾಲೀಕನ ಹೆಸರು ಹಾಕಿ ಅವನನ್ನು ಸಾಯಿಸಿ ನೋಡಿದೆ. ಹೆಂಡತಿಯ ಕ್ಲೇಮ್ ತಿರಸ್ಕಾರವಾಯಿತು. 'ಸಂಬಂಧ ಸಾಬೀತಾಗಿಲ್ಲ. ಹೆಡ್ ಆಫೀಸಿಗೆ ಕಳಿಸಿ.'

ಒಳಗೆ ಕೆದಕಿ ನೋಡಿದರೆ ವಿಷಯ ಇಷ್ಟೇ. ಗಂಡನ ಅಡ್ಡಹೆಸರೂ ಹೆಂಡತಿಯ ಅಡ್ಡಹೆಸರೂ ಒಂದೇ ಆಗಿದ್ದರೆ ಮಾತ್ರ ಸಿಸ್ಟಮ್ ಅವರನ್ನು ಗಂಡಹೆಂಡತಿ ಎಂದು ಒಪ್ಪುತ್ತಿತ್ತು! ಬರೆದವರಿಗೆ ಲೋಕವೆಲ್ಲ ಸ್ಮಿತ್ ದಂಪತಿಗಳೇ. ಸಿಂಗಪುರದಲ್ಲಿ ಚೀನೀ ಹೆಂಗಸು ಮದುವೆಯಾದ ಮೇಲೂ ತನ್ನ ತಂದೆಯ ಮನೆತನದ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ. ಮೇಡಂ ಲಿಮ್ ಅವರ ಗಂಡ ಮಿಸ್ಟರ್ ಗೋ. ಮಲಯರಿಗೆ ಅಡ್ಡಹೆಸರೇ ಇಲ್ಲ, ಇರುವುದು ಅಪ್ಪನ ಹೆಸರು. ನಮ್ಮಂಥವರ ಪಾಸ್‌ಪೋರ್ಟಿನ ಕಥೆ ಕೇಳುವುದೇ ಬೇಡ. ಅಂದರೆ ಆ ದೇಶದ ವಿಧವೆಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಿಸ್ಟಮ್ ಪ್ರಕಾರ ಯಾರೋ ಪರಕೀಯರು.

ಡೈರೆಕ್ಟರ್‌ಗೆ ಹೋಗಿ ಹೇಳಿದೆ. ಅವನು ಟೈ ಸರಿಮಾಡಿಕೊಂಡು, "ಫೇಸ್ ಟೂ" ಎಂದ. ಆಮೇಲೆ ಬಹಳ ಮೃದುವಾಗಿ, "ನಿನ್ನ ಪಾಸ್ ರಿನ್ಯೂ ಆಗಬೇಕಲ್ವಾ? ಮುಂದಿನ ವಾರ ದೊಡ್ಡವರೆದುರಿಗೆ ಡೆಮೋ ಇದೆ. ಅಲ್ಲೀತನಕ ಇದನ್ನು ಮತ್ತೆ ಎತ್ತಬೇಡ," ಎಂದ. ಕ್ಲೆಮೆಂಟಿಯ ಆ ರೂಮಿನಲ್ಲಿ ನನ್ನ ಹೆಂಡತಿ ಹುಟ್ಟುವ ಮಗುವಿಗೆ ಟೊಪ್ಪಿ ಹೆಣೆಯುತ್ತಾ ಕೂತದ್ದೇ ಕಣ್ಣೆದುರಿಗೆ ಬಂತು.

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೂರನೆಯ ದಿನ ಆಫೀಸಿನ ಕೆಳಗೆ ಹಾಕರ್ ಸೆಂಟರ್ ಎಂಬ ತಿಂಡಿ ಅಂಗಡಿಗಳ ಸಾಲಿನಲ್ಲಿ ಬಾಸ್ ನನ್ನನ್ನು ಹಿಡಿದರು. ಅವರ ಮುಂದೆ ಮೀನಿನ ತಲೆಯ ಸಾರು, ನನ್ನ ಮುಂದೆ ದೋಸೆ.

"ಎಂತ ಮಾರಾಯಾ, ಮುಖ ಯಾಕೆ ಹಾಗೆ? ಹೆಂಡ್ತಿ ಹುಷಾರುಂಟಲ್ಲ?"

ಎಲ್ಲವನ್ನೂ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಅರ್ಥವಾಗಲಿಲ್ಲ. ಡೇಟಾ, ಫೀಲ್ಡು, ಮ್ಯಾಚಿಂಗು ಎಲ್ಲ ಬಿಟ್ಟು ಮೂರನೆಯ ಸಲ ಮನುಷ್ಯರ ಭಾಷೆಯಲ್ಲಿ ಹೇಳಿದೆ. ಮೀನಿನ ತುಂಡು ಹಿಡಿದ ಕೈ ಅರ್ಧದಲ್ಲೇ ನಿಂತಿತು.

"ಅಂದ್ರೆ, ನಾನು ಸತ್ರೆ ನನ್ನ ಹೆಂಡ್ತಿ ನನ್ನ ಹೆಂಡ್ತಿ ಅಲ್ವಾ?"

"ಸಿಸ್ಟಮ್ ಪ್ರಕಾರ ಅಲ್ಲ ಸಾರ್."

"ನಮ್ಮಲ್ಲಿ ಹೆಂಗಸರು ಮದುವೆ ಆದ ಮಾತ್ರಕ್ಕೆ ತಾಯಿ ಮನೆ ಹೆಸರು ಬಿಡುದಿಲ್ಲ ಮಾರಾಯಾ! ಅಳಿಯಸಂತಾನ ನಮ್ದು. ನನ್ನ ಹೆಸರು ಬೇರೆ, ಅವಳ ಹೆಸರು ಬೇರೆ. ಇಪ್ಪತ್ತೆಂಟು ವರ್ಷ ಆಯ್ತು ಸಂಸಾರ ಮಾಡಿ!"

"ಹೌದು ಸಾರ್. ಆದ್ರೆ ಆ ಕ್ಲೇಮ್ ಹೆಡ್ ಆಫೀಸಿಗೆ ಹೋಗತ್ತೆ. ಅಲ್ಲಿಂದ ಯಾವಾಗ ಬರತ್ತೋ ಯಾರಿಗೂ ಗೊತ್ತಿಲ್ಲ."

ಅವರು ಕೈ ತೊಳೆದುಕೊಂಡು ಬಂದರು. ಮೀನು ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನೀನು ಸುಮ್ಮನಿರು. ಡೆಮೋ ದಿನ ಕೀಬೋರ್ಡಿಗೆ ನೀನೇ ಕೂತ್ಕೋ. ನಾನು ಹೇಳಿದ್ದು ಮಾತ್ರ ಹೊಡಿ. ಯಾರಾದ್ರೂ ಕೇಳಿದ್ರೆ ಬಾಸ್ ಹೇಳಿದ್ರು, ನಾನು ಹೊಡ್ದೆ ಅನ್ನು. ತಿಳೀತಾ?"

ಆ ದಿನ ಬಂತು. ಏಷ್ಯಾ ವಿಭಾಗದ ದೊಡ್ಡ ಸಾಹೇಬರು ಮೇಜಿನ ತುದಿಯಲ್ಲಿ. ಎರಡು ಪಾಳೆಯದವರೂ ಎದುರು ಬದುರು. ಮೇಡಂ ಲಿಮ್ ಮೂಲೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾ ಕೂತಿದ್ದರು. ಡೈರೆಕ್ಟರ್ ಅರ್ಧ ಗಂಟೆ ಮಾತಾಡಿದ. ಜಾನ್ ಸ್ಮಿತ್ ಸತ್ತ, ಮೇರಿಗೆ ಚೆಕ್ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಇನ್ನೇನು ಸಹಿ ಬೀಳಬೇಕು, ನಮ್ಮ ಬಾಸ್ ಎದ್ದು ನಿಂತರು.

"ಸರ್, ನನಗೆ ಅರ್ಥ ಆಗಲಿಲ್ಲ."

ಕೋಣೆಯಲ್ಲಿ ಕಿಸಕಿಸ ನಗು. ಇವರಿಗೆ ಯಾವಾಗ ಅರ್ಥ ಆಗಿದೆ!

"ಜಾನ್ ಸ್ಮಿತ್ ಯಾರು ಅಂತ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವವನು ನಾನೊಬ್ಬನೇ. ದಯವಿಟ್ಟು ನನ್ನನ್ನು ಸಾಯಿಸಿ ತೋರಿಸಿ."

ಸಿಬ್ಬಂದಿಯ, ಅವರ ಮನೆಯವರ ಪಾಲಿಸಿಗಳನ್ನೆಲ್ಲ ಆಗಲೇ ಹೊಸ ಸಿಸ್ಟಮ್‌ಗೆ ಹಾಕಿಯಾಗಿತ್ತು. ಡೈರೆಕ್ಟರ್ ಎದ್ದು ನಿಂತ. "ಡೆಮೋ ಡೇಟಾ ಫಿಕ್ಸ್ ಆಗಿದೆ, ಈಗ ಬದಲಾಯಿಸೋದು ಸರಿಯಲ್ಲ" ಎಂದ. ದೊಡ್ಡ ಸಾಹೇಬರಿಗೆ ಅದು ತಮಾಷೆಯಾಗಿ ಕಂಡಿರಬೇಕು. "ಓಹ್, ಲೆಟ್ ಹಿಮ್ ಡೈ" ಎಂದರು. ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟೆ. ಬಾಸ್ ನನ್ನ ಹಿಂದೆ ಬಂದು ಹೆಗಲ ಮೇಲೆ ಕೈಯಿಟ್ಟರು.

"ಹಾಕು ಮಾರಾಯಾ, ಹಾಕು. ಕಾರಣ ಹಾರ್ಟ್ ಅಟ್ಯಾಕ್ ಅಂತ ಹಾಕು. ನಮ್ಮ ಅಪ್ಪನೂ ಅದ್ರಲ್ಲೇ ಹೋದದ್ದು."

ಹಾಕಿದೆ. ಹೆಂಡತಿಯ ಹೆಸರು ಹಾಕಿದೆ. ಎಂಟರ್ ಒತ್ತಿದೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಆ ವಾಕ್ಯ ಬಂತು: 'ಸಂಬಂಧ ಸಾಬೀತಾಗಿಲ್ಲ.'

ನಗು ನಿಂತಿತು. "ನೋಡಿ," ಎಂದರು ಬಾಸ್, ಬೇಸರವೇ ಇಲ್ಲದ ದನಿಯಲ್ಲಿ, "ನಾನು ಸತ್ತೆ, ನನ್ನ ಹೆಂಡತಿ ಯಾರೋ ಆದಳು."

ಡೈರೆಕ್ಟರ್, "ಇದು ಒಂದು ಎಕ್ಸೆಪ್ಷನ್ ಕೇಸ್. ಫೇಸ್ ಟೂನಲ್ಲಿ..." ಎಂದು ಶುರು ಮಾಡಿದ. ಅಷ್ಟರಲ್ಲಿ ಮೂಲೆಯಿಂದ ಮೇಡಂ ಲಿಮ್ ಪೆನ್ಸಿಲ್ ಕೆಳಗಿಟ್ಟು ಎದ್ದರು. ಹನ್ನೊಂದು ವರ್ಷದಿಂದ ಆ ಕಂಪನಿಯ ಯಾವ ಮೀಟಿಂಗಿನಲ್ಲೂ ಬಾಯಿ ತೆರೆಯದ ಹೆಂಗಸು! "ಮೈ ಹಸ್ಬೆಂಡ್! ಕಿಲ್ ಮೈ ಹಸ್ಬೆಂಡ್, ಪ್ಲೀಸ್!"

ಮಿಸ್ಟರ್ ಗೋ ಸತ್ತರು. ಮೇಡಂ ಲಿಮ್ ಪರಕೀಯರಾದರು. "ಅಯ್ಯೋ!" ಎಂದು ಅವರು ಚೀರಿದರು. ಆಮೇಲೆ ಕ್ಲೇಮ್ಸ್ ವಿಭಾಗದ ಮಲಯ ಮ್ಯಾನೇಜರ್, "ನನ್ನನ್ನೂ ಹಾಕಿ" ಎಂದರು. ಹಾಂಗ್‌ಕಾಂಗ್ ಪಾಳೆಯದವನೊಬ್ಬ ತನ್ನನ್ನು ಹಾಕಿಸಿಕೊಂಡ. ನೋಡುತ್ತಿದ್ದಂತೆ ಲಂಡನ್ ಪಾಳೆಯದವನೂ ಎದ್ದು ಬಂದ! "ಮೀ ಆಲ್ಸೋ ಲಾ, ಮೀ ಆಲ್ಸೋ!" ಒಬ್ಬರ ಮುಖ ಒಬ್ಬರು ನೋಡದವರೆಲ್ಲ ನನ್ನ ಕುರ್ಚಿಯ ಸುತ್ತ ಸಾಯಲು ನೂಕಾಡುತ್ತಿದ್ದರು. ನನ್ನ ಬೆರಳು ಹಾರುತ್ತಿದ್ದವು. ಅಂಥ ಸಂತೋಷದಲ್ಲಿ ನಾನು ಯಾವತ್ತೂ ಟೈಪ್ ಮಾಡಿಲ್ಲ, ಆಣೆ!

ಕೊನೆಗೆ ದೊಡ್ಡ ಸಾಹೇಬರು ಕೈಯೆತ್ತಿದರು. ಗದ್ದಲ ನಿಂತಿತು. "ಟ್ರೈ ಮೀ" ಎಂದರು. ಡೈರೆಕ್ಟರ್‌ನ ಮುಖಕ್ಕೆ ಕಳೆ ಬಂತು. ಸಾಹೇಬರು ಲಂಡನ್‌ನವರೇ ತಾನೆ? ಹಾಕಿದೆ. 'ಸಂಬಂಧ ಸಾಬೀತಾಗಿಲ್ಲ.' ಅವರ ಹೆಂಡತಿ ಡಾಕ್ಟರಂತೆ, ಮದುವೆಗೆ ಮೊದಲಿನ ಹೆಸರಿನಲ್ಲೇ ವೃತ್ತಿ ನಡೆಸುತ್ತಿದ್ದಾರಂತೆ.

ಡೈರೆಕ್ಟರ್ ಮತ್ತೊಮ್ಮೆ, ಈ ಸಲ ಸಣ್ಣ ದನಿಯಲ್ಲಿ, "ಫೇಸ್ ಟೂ..." ಎಂದ.

"ಸತ್ತವರು ಫೇಸ್ ಟೂ ತನಕ ಕಾಯ್ತಾರೆ, ಅವರಿಗೆ ಅವಸರ ಇಲ್ಲ," ಎಂದರು ನಮ್ಮ ಬಾಸ್. "ಉಳಿದವರು ಊಟ ಮಾಡ್ಬೇಕಲ್ಲ ಸರ್?"

ದೊಡ್ಡ ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

ನಮ್ಮ ಬಾಸ್‌ಗೆ ಸನ್ಮಾನ ಮಾಡಿದರು ಅಂದುಕೊಂಡಿರಾ? ದೊಡ್ಡ ಕಂಪನಿ ಅಂದರೆ ಏನೆಂದು ನಿಮಗೆ ಗೊತ್ತಿಲ್ಲ! ಸಿಸ್ಟಮನ್ನು ಸರಿಪಡಿಸಿದೆವು: ಪಾಲಿಸಿಯಲ್ಲಿ ಸತ್ತವರು ಯಾರನ್ನು ಹೆಂಡತಿ ಎಂದು ಹೆಸರಿಸಿದ್ದಾರೋ ಅವರೇ ಹೆಂಡತಿ, ಅಡ್ಡಹೆಸರಿನ ಗೊಡವೆಯಿಲ್ಲ. ಅದನ್ನು ಡೈರೆಕ್ಟರ್ 'ಏಷ್ಯಾದ ಹೆಸರಿನ ಪದ್ಧತಿಗಳ ಕುರಿತು ನಮ್ಮ ಶೋಧನೆ' ಎಂದು ಲಂಡನ್‌ಗೆ ಹೋಗಿ ಭಾಷಣ ಮಾಡಿ ಬಡ್ತಿ ತೆಗೆದುಕೊಂಡ. ಎರಡು ಪಾಳೆಯದವರೂ ಕೊನೆಗೂ ಒಂದು ವಿಷಯದಲ್ಲಿ ಒಂದಾದರು. ಇವರು ಅಪಾಯದ ಮನುಷ್ಯ! ನಮ್ಮ ಬಾಸನ್ನು 'ಸ್ಪೆಷಲ್ ಪ್ರಾಜೆಕ್ಟ್ಸ್' ಎಂಬ ಹೆಸರಿನಲ್ಲಿ ನೆಲಮಹಡಿಯ ಒಂದು ಕೋಣೆಗೆ ಹಾಕಿದರು. ಪ್ರಾಜೆಕ್ಟೂ ಇಲ್ಲ, ಸ್ಪೆಷಲ್ಲೂ ಇಲ್ಲ. ಮೇಲಿನ ಕುರ್ಚಿ ಬಿಡುವ ಮುಂಚೆ ಅವರು ಮಾಡಿದ ಕೊನೆಯ ಕೆಲಸ ನನ್ನ ಪಾಸಿನ ನವೀಕರಣಕ್ಕೆ ಸಹಿ ಹಾಕಿದ್ದು. ನನ್ನ ಮಗಳು ಸಿಂಗಪುರದಲ್ಲೇ ಹುಟ್ಟಿದಳು.

ನನಗೆ ಹೊಟ್ಟೆ ಉರಿಯುತ್ತಿತ್ತು. ಕೆಳಗಿಳಿದು ಹೋಗಿ ಅವರ ಮುಂದೆ ಕೂಗಾಡಿದೆ. "ಸಾರ್, ನಿಮ್ಮ ತಲೆ ಮೇಲೆ ಕಾಲಿಟ್ಟು ಅವನು ಮೇಲೆ ಹೋದ. ನಿಮಗೆ ಏನೂ ಅನ್ಸೋದೇ ಇಲ್ವಾ?"

"ಅನ್ನಿಸ್ತದೆ ಮಾರಾಯಾ, ಯಾಕೆ ಅನ್ನಿಸೂದಿಲ್ಲ? ಮೊದಲ ವಾರ ನಿದ್ದೆ ಬರ್ಲಿಲ್ಲ," ಎಂದರು. ಅಷ್ಟೇ ಹೇಳಿ ಕಿಟಕಿಯ ಕಡೆ ನೋಡಿದರು. ಆ ಮುಖವನ್ನು ನಾನು ಮೊದಲು ಕಂಡಿರಲಿಲ್ಲ. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಹೊಸ ಸಿಸ್ಟಮ್ ಶುರುವಾದ ವಾರ. ಮಧ್ಯಾಹ್ನ ನನ್ನ ಫೋನ್ ಹೊಡೆದುಕೊಂಡಿತು. "ಬೇಗ ಬಾ, ಕೆಳಗೆ ಬಾ! ಓಡಿ ಬಾ!" ಬಾಸ್‌ನ ದನಿ. ಹಾರ್ಟ್ ಅಟ್ಯಾಕೇ ಆಯಿತೋ ಎಂದು ನಾನು ಮೆಟ್ಟಿಲಿಳಿದು ಓಡಿದೆ. ಅವರು ಕ್ಲೇಮ್ಸ್ ಕೌಂಟರಿನ ಹತ್ತಿರ, ಕಂಬದ ಮರೆಯಲ್ಲಿ ನಿಂತಿದ್ದರು. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ಮಾತಾಡ್ಬೇಡ. ನೋಡು."

ಕೌಂಟರಿನಲ್ಲಿ ತಲೆಗೆ ಬಿಳಿ ವಸ್ತ್ರ ಹೊದ್ದ ವಯಸ್ಸಾದ ಮಲಯ ಹೆಂಗಸೊಬ್ಬರು ನಿಂತಿದ್ದರು. ಕೈಯಲ್ಲಿ ಮಾರುಕಟ್ಟೆಯ ಪ್ಲಾಸ್ಟಿಕ್ ಚೀಲ. ಅದರೊಳಗಿಂದ ಗಂಡನ ಮರಣಪತ್ರ, ತಮ್ಮ ಗುರುತಿನ ಚೀಟಿ ಒಂದೊಂದಾಗಿ ತೆಗೆದು ಕೊಟ್ಟರು. ಚೀಲದಲ್ಲಿ ಇನ್ನೂ ಏನೇನೋ ಕಾಗದಗಳಿದ್ದವು. ಯಾವುದು ಸಾಲದೆ ಹೋಗುತ್ತದೋ ಎಂಬ ಭಯದಲ್ಲಿ ಮನೆಯಲ್ಲಿದ್ದುದನ್ನೆಲ್ಲ ತುಂಬಿಕೊಂಡು ಬಂದಿದ್ದರು.

ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಹೆಸರು ಹೊಡೆದಳು. ಆಮೇಲೆ ತಲೆಯೆತ್ತಿ, "ಆಂಟಿ, ತೀರಿಹೋದವರು ನಿಮಗೆ ಏನಾಗಬೇಕು?" ಎಂದು ಕೇಳಿದಳು.

ಆಕೆಯ ಕೈ ಮತ್ತೆ ಚೀಲದೊಳಗೆ ಹೋಯಿತು. "ನನ್ನ ಗಂಡ," ಎಂದರು.

"ಓಕೆ ಆಂಟಿ, ಅಷ್ಟೇ ಸಾಕು," ಎಂದಳು ಹುಡುಗಿ.